ಸೆಕೆಂಡಿನ ಹತ್ತನೆಯ ಪಾಲು

ಇಂದಿನ ಸೈನ್ಯದ ವಾಹನಗಳಲ್ಲಿ ಎಂಜಿನ್ನಿನಷ್ಟೇ ಮುಖ್ಯವಾದದ್ದು ಗಣಕಯಂತ್ರ. ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು, ಎಂದರೆ ಯಂತ್ರವು ಹೆಜ್ಜೆಹೆಜ್ಜೆಗೂ ಏನು ಮಾಡಬೇಕೆಂಬ ಆಜ್ಞೆಗಳನ್ನು, ಬಹುಮಟ್ಟಿಗೆ ಕಂಪೆನಿಗಳಿಗೆ ಗುತ್ತಿಗೆ ಕೊಟ್ಟು ಬರೆಸುವುದು ವಾಡಿಕೆ. ಗುತ್ತಿಗೆಯ ಕಾಲದಲ್ಲಿ ಎಣಿಸಿದ ಬಳಕೆ ಒಂದು, ರಣರಂಗದ ಬಳಕೆ ಇನ್ನೊಂದು ಆದಾಗ ಏನಾಗುತ್ತದೆಂಬುದಕ್ಕೆ 1991ರ ಕೊಲ್ಲಿ ಯುದ್ಧದ ಒಂದು ಪ್ರಸಂಗವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಮುಖ್ಯ ಗುತ್ತಿಗೆದಾರರು ರೇಥಿಯಾನ್ ಕಂಪೆನಿಯವರು. ರಾಡಾರ್, ಗಣಕ, ಕ್ಷಿಪಣಿ ಎಲ್ಲವೂ ವಾಹನಗಳ ಮೇಲೆಯೇ. ಯೂರೋಪಿನಲ್ಲಿ ಸೋವಿಯತ್ ವಿಮಾನಗಳನ್ನು ಎದುರಿಸಲೆಂದು ರಚಿಸಿದ್ದು. ಶತ್ರುವಿನ ಕಣ್ಣಿಗೆ ಬೀಳದಂತೆ ಕೆಲವೇ ಗಂಟೆ ಒಂದೆಡೆ ನಿಂತು ಮುಂದೆ ಸಾಗಬೇಕೆಂಬುದು ಎಣಿಕೆ. ಸೌದಿ ಅರೇಬಿಯದ ದಹ್ರಾನಿನಲ್ಲಿ ಅದು ಬೇರೂರಿದಂತೆ ನಿಂತಿತು. ಫೆಬ್ರವರಿ 25ರ ಹೊತ್ತಿಗೆ ಗಣಕವು 100 ಗಂಟೆಗೂ ಮೀರಿ ಒಂದೇ ಸಮನೆ ನಡೆದಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗಣಕವು ಕಾಲವನ್ನು ಸೆಕೆಂಡಿನ ಹತ್ತನೆಯ ಪಾಲುಗಳಲ್ಲಿ ಎಣಿಸಿ, ಆ ಸಂಖ್ಯೆಯನ್ನು 0.1ರಿಂದ ಗುಣಿಸಿ ಸೆಕೆಂಡು ಮಾಡುತ್ತಿತ್ತು. ನಮ್ಮ ದಶಮಾಂಶದಲ್ಲಿ 0.1 ಎಂದರೆ ಅಲ್ಲಿಗೆ ಮುಗಿಯಿತು. ಗಣಕಕ್ಕೆ ಗೊತ್ತಿರುವುದು 0 ಮತ್ತು 1 ಎರಡೇ ಅಂಕೆ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ 33 ಪೈಸೆ ಹೋಗಿ ಒಂದು ಪೈಸೆ ಉಳಿಯುತ್ತದೆ, ಅದನ್ನು ಹಂಚಿದರೂ ಮತ್ತೆ ಚೂರು ಉಳಿಯುತ್ತದೆ. ಹಾಗೆಯೇ ಎರಡೇ ಅಂಕೆಯ ಬರಹದಲ್ಲಿ ಹತ್ತನೆಯ ಒಂದು ಎಂದಿಗೂ ಮುಗಿಯದು. ಪೇಟ್ರಿಯಟಿನಲ್ಲಿ ಇದ್ದದ್ದು 24 ಸ್ಥಾನಗಳ ಜಾಗ; ಮಿಕ್ಕದ್ದು ಕತ್ತರಿಸಿಹೋಯಿತು. ಒಂದೊಂದು ಎಣಿಕೆಗೆ ನಷ್ಟ, ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ತುಸು ಕಡಿಮೆ. ಆದರೆ 100 ಗಂಟೆಗೆ ಎಣಿಕೆ 36 ಲಕ್ಷ. ಗುಣಿಸಿ ನೋಡಿ: ಸುಮಾರು 0.34 ಸೆಕೆಂಡು. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಓಡುವ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರು ದಾಟಿರುತ್ತದೆ.

ಎಲ್ಲೆಡೆಯೂ ಒಂದೇ ತಪ್ಪಿದ್ದಿದ್ದರೆ ಕಳೆಯುವಾಗ ಅದು ಬಹುಪಾಲು ಅಳಿದುಹೋಗುತ್ತಿತ್ತು. ಸಾಫ್ಟ್‌ವೇರನ್ನು ಸುಧಾರಿಸುವಾಗ ಕೆಲವೆಡೆ ನಿಖರವಾದ ಲೆಕ್ಕವನ್ನು ಸೇರಿಸಿ, ಕೆಲವೆಡೆ ಹಳೆಯದನ್ನೇ ಬಿಟ್ಟಿದ್ದರೆಂದು ಮುಂದೆ ಗಣಿತಜ್ಞರೊಬ್ಬರು ತೋರಿಸಿದರು. ಒಂದೇ ಖಾತೆಯನ್ನು ಒಬ್ಬ ಗುಮಾಸ್ತ ಪೈಸೆ ಸಹಿತ, ಇನ್ನೊಬ್ಬ ಪೈಸೆ ಬಿಟ್ಟು ಬರೆದಂತಾಯಿತು.

ರಾಡಾರ್ ತಪ್ಪು ಜಾಗದಲ್ಲಿ ಹುಡುಕಿತು; ಪೇಟ್ರಿಯಟ್ ಹಾರಲೇ ಇಲ್ಲ. ಸ್ಕಡ್ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ಅವರಲ್ಲಿ 13 ಮಂದಿ ಪೆನ್ಸಿಲ್ವೇನಿಯದ ಒಂದು ಮೀಸಲು ದಳದವರು. ನೀರು ಶುದ್ಧಿ ಮಾಡುವುದು ಆ ದಳದ ಕೆಲಸ. ಬಂದು ವಾರವೂ ಆಗಿರಲಿಲ್ಲ.

ದೋಷ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1992ರಲ್ಲಿ ಕೊಟ್ಟ ವರದಿಯಂತೆ, 8 ಗಂಟೆ ನಡೆದರೇ ಗುರಿ ಸರಿಯುತ್ತದೆಂಬ ಮಾಹಿತಿ ಫೆಬ್ರವರಿ 11ರಂದೇ ಇಸ್ರೇಲಿನಿಂದ ಬಂದಿತ್ತು. 16ರಂದು ತಿದ್ದಿದ ಸಾಫ್ಟ್‌ವೇರ್ ಹೊರಬಿತ್ತು. 21ರಂದು ಸುತ್ತೋಲೆ ಹೋಯಿತು: ಬಹಳ ಹೊತ್ತು ನಡೆಸಿದರೆ ತೊಂದರೆಯಾದೀತು ಎಂದು. ಬಹಳ ಹೊತ್ತೆಂದರೆ ಎಷ್ಟು ಗಂಟೆ ಎಂದು ಬರೆದಿರಲಿಲ್ಲ. ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಇಂಥ ಸುತ್ತೋಲೆಗಳ ಪರಿಚಯ ಇದ್ದೇ ಇದೆ. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು 26ರಂದು. ಅಲ್ಲಿಯವರೆಗೆ ಗಣಕವನ್ನು ಆಗಾಗ ನಿಲ್ಲಿಸಿ ಮತ್ತೆ ಆರಂಭಿಸಿದ್ದರೂ ಎಣಿಕೆ ಸೊನ್ನೆಗೆ ಬರುತ್ತಿತ್ತು. ಅದಕ್ಕೆ ಹಿಡಿಯುತ್ತಿದ್ದುದು ಒಂದರಿಂದ ಒಂದೂವರೆ ನಿಮಿಷ.