ಹಗ್ಗಕ್ಕೆ ಹತ್ತಿದ ಕಳೆ

ಕಬ್ಬಿನ ಹೊಲದಲ್ಲಿ ಕಳೆಯು ಪೈರಿನ ಗೊಬ್ಬರವನ್ನು ಕಸಿಯುವುದು ಚಿಕ್ಕೋಡಿ, ರಾಯಬಾಗ, ಅಥಣಿಗಳ ವಾಚಕರಿಗೆ ತಿಳಿದುದೇ. ನೀರಿನೊಳಗಿನ ಬೇಸಾಯಕ್ಕೂ ಇಂಥ ಕಳೆಯುಂಟು. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರುಗಳ ಹಿನ್ನೀರಿನಲ್ಲಿ ಪಚ್ಚಿಲೆ ಎಂಬ ಹಸುರು ಚಿಪ್ಪುಜೀವಿಯನ್ನು ಹಗ್ಗಕ್ಕೆ ಕಟ್ಟಿ, ನೀರಿನಲ್ಲಿ ತೂಗುಬಿಟ್ಟು ಬೆಳೆಸುತ್ತಾರೆ. ಅದಕ್ಕೆ ಮೇವು ಹಾಕುವವರಿಲ್ಲ; ನೀರನ್ನು ಒಳಗೆಳೆದು, ಕಿವಿರುಗಳಿಂದ ಸೋಸಿ, ಸೂಕ್ಷ್ಮಸಸ್ಯಗಳನ್ನು ಉಣ್ಣುತ್ತದೆ. ಅದೇ ಹಗ್ಗಕ್ಕೆ ಸುಣ್ಣದ ಕವಚವುಳ್ಳ ಬಾರ್ನಕಲ್, ಚೀಲದಾಕಾರದ ಅಸಿಡಿಯನ್ ಮೊದಲಾದವು ಕರೆಯದೆ ಬಂದು ಅಂಟಿಕೊಳ್ಳುತ್ತವೆ. ಅವುಗಳ ಊಟವೂ ಅದೇ ನೀರಿನಲ್ಲಿಯೇ.

ಆದರೆ ಪಂಕ್ತಿ ಒಂದೇ ಆದರೂ ತುತ್ತು ಪೂರ್ತಿ ಒಂದೇ ಅಲ್ಲ. ಅಸಿಡಿಯನ್ನಿನ ಲೋಳೆಯ ಬಲೆಯು ಮಿಲಿಮೀಟರಿನ 1000ದಲ್ಲಿ 1 ಪಾಲಿನಷ್ಟು ಕಿರಿದಾದ ಕಣವನ್ನೂ ಹಿಡಿಯಬಲ್ಲುದು. ಪಚ್ಚಿಲೆಯ ಜಾತಿಗೆ ಅದರ ಸುಮಾರು 4 ಪಟ್ಟಿಗಿಂತ ದೊಡ್ಡವು ಚೆನ್ನಾಗಿ ದಕ್ಕುತ್ತವೆ. ಜಗಳವೆಲ್ಲ ಈ ದೊಡ್ಡ ಕಣಗಳಿಗಾಗಿ. ನೀರು ಚುರುಕಾಗಿ ಹರಿಯುವೆಡೆ ಆಹಾರ ಮತ್ತೆ ಮತ್ತೆ ಬರುವುದರಿಂದ ಬಾಧೆ ಕಡಿಮೆ. ಹರಿವು ಮಂದವಾದಲ್ಲಿ ಪಚ್ಚಿಲೆಯು ಬಡಕಲಾಗುತ್ತದೆ. (ಒತ್ತಾಗಿ ಕಟ್ಟಿದ ಹಗ್ಗದಲ್ಲಿ ಪಚ್ಚಿಲೆಗೆ ಮೊದಲ ಪ್ರತಿಸ್ಪರ್ಧಿ ನೆರೆಯ ಪಚ್ಚಿಲೆಯೇ ಎಂಬುದನ್ನೂ ಮರೆಯಲಾಗದು.)

ಹಗ್ಗವನ್ನು ಕೆಲಹೊತ್ತು ಮೇಲೆತ್ತಿ ಗಾಳಿಗೊಡ್ಡಿದರೆ ಪಚ್ಚಿಲೆಯು ಚಿಪ್ಪು ಮುಚ್ಚಿಕೊಂಡು ತಾಳುತ್ತದೆ. ಮೆದುಮೈಯ ಅಸಿಡಿಯನ್ ಒಣಗಿ ಸಾಯುತ್ತದೆ. ಬಾರ್ನಕಲ್ ಮಾತ್ರ ತಾನೂ ಕದವಿಕ್ಕಿಕೊಳ್ಳುವುದರಿಂದ, ಅದನ್ನು ಕೆರೆದೇ ತೆಗೆಯಬೇಕು.