ಚೌಳು ನೆಲದ ಉಪ್ಪು: ಅದು ಕರಗುವ ಬಗೆ ಮತ್ತು ನೆಲದಿಂದ ಬೇರ್ಪಡಿಸುವ ಕ್ರಮ

(ಹಿಡುವಳಿದಾರರ ಮತ್ತು ಗ್ರಾಮದ ಮುಖಂಡರ ತಿಳಿವಳಿಕೆಗಾಗಿ)

ಕಾಲುವೆಯ ನೀರು ಬಂದ ಹೊಸದರಲ್ಲಿ ಸಮೃದ್ಧಿಯಾಗಿ ಬೆಳೆದ ಗದ್ದೆಯು ಕೆಲವು ವರ್ಷಗಳ ತರುವಾಯ ಬೆಳ್ಳಗೆ ಉಪ್ಪು ಕಾರಿ ಹಾಳುಬೀಳುವುದನ್ನು ನಮ್ಮ ರೈತರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಿಟ್ಟ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳ ಎರೆಭೂಮಿಯಲ್ಲಿ ಹೀಗೆಯೇ ಆಯಿತು. ಇಂತಹ ನೆಲಕ್ಕೆ ಹಳೆಯ ಮೈಸೂರಿನ ಕಡೆ ಚೌಳೆಂದೂ ಉತ್ತರದ ಕಡೆ ಸವಳೆಂದೂ ಹೆಸರು. ಉಪ್ಪು ನೀರಿನೊಡನೆ ಹೇಗೆ ವರ್ತಿಸುವುದೆಂಬುದನ್ನು ತಿಳಿದರೆ, ಈ ಕೇಡಿನ ಕಾರಣವೂ ಪರಿಹಾರವೂ ತಾವಾಗಿಯೇ ಹೊಳೆಯುವುವು.

1. ಕರಗುವುದು ಎಂದರೇನು?

ಒಂದು ಚೊಂಬು ನೀರಿಗೆ ಹಿಡಿ ಮಣ್ಣನ್ನೂ ಮತ್ತೊಂದು ಚೊಂಬು ನೀರಿಗೆ ಹಿಡಿ ಉಪ್ಪನ್ನೂ ಹಾಕಿ ಕದಡಿರಿ. ಮಣ್ಣು ಸ್ವಲ್ಪ ಹೊತ್ತಿನಲ್ಲಿ ತಳಕ್ಕಿಳಿಯುವುದು. ಅದರ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿದರೆ ಮಣ್ಣು ಬಟ್ಟೆಯಲ್ಲಿಯೇ ನಿಲ್ಲುವುದು. ಉಪ್ಪಾದರೋ ಎಷ್ಟು ದಿನ ಇಟ್ಟರೂ ತಳಕ್ಕೆ ಇಳಿಯದು, ಎಷ್ಟು ಸಾರಿ ಸೋಸಿದರೂ ಬಟ್ಟೆಗೆ ಸಿಕ್ಕದು. ಮೊದಲನೆಯದು ಬರಿಯ ಮಿಶ್ರಣ; ಎರಡನೆಯದು ದ್ರಾವಣ. ದ್ರಾವಣದಿಂದ ಉಪ್ಪನ್ನು ಬೇರ್ಪಡಿಸಬೇಕಾದರೆ ನೀರನ್ನು ಆವಿಯಾಗಿಸಬೇಕು. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ನಡೆಯುವುದು ಇದೇ ಕೆಲಸ. ಅಲ್ಲಿ ಬಿಸಿಲು ನೀರನ್ನು ಒಯ್ಯುವುದು. ಉಪ್ಪು ನೆಲದಲ್ಲಿ ಉಳಿಯುವುದು.

2. ಗದ್ದೆಯೇ ಉಪ್ಪಿನ ಆಗರವಾಗುವುದು ಹೇಗೆ?

ಕಾಲುವೆಯ ಸಿಹಿನೀರಿನಲ್ಲಿಯೂ ಅಷ್ಟಿಷ್ಟು ಉಪ್ಪು ಕರಗಿಯೇ ಇರುವುದು. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1,03,000 ಲೀಟರು ಬೇಕು. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ಒಂದು ಬೆಳೆಗೆ 30 ಅಂಗುಲ ಹಾಯಿಸಿದರೆ, ಎಕರೆಯೊಂದಕ್ಕೆ 1,500 ಕಿಲೋಗ್ರಾಂಗೂ ಮಿಕ್ಕಿ ಉಪ್ಪು ಬಂದಂತಾಯಿತು. ನಾಲಿಗೆಗೆ ತಿಳಿಯದ ಉಪ್ಪಿನ ಲೆಕ್ಕವಿದು.

ಇದರೊಂದಿಗೆ ಬಸಿಯುವ ದಾರಿಯಿಲ್ಲದ ನೆಲದಲ್ಲಿ ಒಳನೀರು ಮೇಲೇರುತ್ತಾ ಬರುವುದು. ಅದು ಐದಾರು ಅಡಿಗಳಷ್ಟು ಸಮೀಪಕ್ಕೆ ಬಂದಾಗ, ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ಎರೆಮಣ್ಣು ಆ ನೀರನ್ನು ಮೇಲಕ್ಕೆಳೆಯುವುದು. ನೀರು ಬಿಸಿಲಿಗೆ ಆರಿಹೋಗುವುದು. ಅದು ಹೊತ್ತು ತಂದ ಉಪ್ಪು ಮೇಲುಮಣ್ಣಿನಲ್ಲಿ ನಿಲ್ಲುವುದು. ಮಾವಿನ ಮಿಡಿಯನ್ನು ಉಪ್ಪಿನಲ್ಲಿಟ್ಟರೆ ಅದು ನೀರು ಬಿಟ್ಟು ಸುಕ್ಕುಗಟ್ಟುವುದನ್ನು ಮನೆಮನೆಯಲ್ಲಿಯೂ ಬಲ್ಲರು. ಉಪ್ಪಾದ ಮಣ್ಣಿನಲ್ಲಿ ಬೇರು ನೀರನ್ನು ಹೀರಲಾರದು. ಆದುದರಿಂದಲೇ ಹಸಿ ನೆಲದಲ್ಲಿಯೂ ಪೈರು ಬಾಡುವುದು.

3. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಕೆಟ್ಟ ಗದ್ದೆಯಿಂದಲೂ ಒಳ್ಳೆಯ ಗದ್ದೆಯಿಂದಲೂ ನೂರು ನೂರು ಗ್ರಾಂ ಒಣಮಣ್ಣನ್ನು ತಂದು ಪುಡಿಮಾಡಿ, ಬೇರೆ ಬೇರೆ ಗಾಜಿನ ಸೀಸೆಗಳಲ್ಲಿ ಹಾಕಿ, ಅರ್ಧ ಲೀಟರಿನಂತೆ ಮಳೆಯ ನೀರನ್ನು ಹೊಯ್ದು, ಆಗಾಗ್ಗೆ ಕುಲುಕಿ, ಮಾರನೆಯ ದಿನದವರೆಗೆ ಅಲುಗಿಸದೆ ಇಡತಕ್ಕದ್ದು.

(ಅ) ಕೆಟ್ಟ ಮಣ್ಣಿನ ಮೇಲಣ ನೀರು ತಿಳಿಯಾಗಿದ್ದರೆ ಅದನ್ನು ಸೋಸಿ, ತಟ್ಟೆಯಲ್ಲಿ ಇಂಗಿಸಿರಿ. ಒಳ್ಳೆಯ ಮಣ್ಣಿನ ನೀರನ್ನೂ ಹಾಗೆಯೇ ಇಂಗಿಸಿ ಹೋಲಿಸಿ ನೋಡಿರಿ. ಕೆಟ್ಟ ಮಣ್ಣಿನ ತಟ್ಟೆಯಲ್ಲಿ ಬಿಳಿಯ ಪುಡಿ ಬಹಳವಾಗಿ ಉಳಿದರೆ ಅದು ಕರಗುವ ಉಪ್ಪಿನ ಚೌಳು.

(ಆ) ಒಳ್ಳೆಯ ಮಣ್ಣಿನ ನೀರು ತಿಳಿಯಾಗಿ, ಕೆಟ್ಟ ಮಣ್ಣಿನ ನೀರು ಮಾತ್ರ ಬಗ್ಗಡವಾಗಿಯೇ ಇದ್ದರೆ ಅದು ಸೋಡಿಯಂ ಹಿಡಿದ ಕರಲು ನೆಲವೆಂದು ಶಂಕಿಸಬೇಕು. ಇಲ್ಲಿ ಸೋಡಿಯಂ ಜೇಡಿಯ ಕಣಗಳಿಗೇ ಅಂಟಿಕೊಂಡು, ಅವು ಒಂದುಗೂಡಿ ತಳಕ್ಕಿಳಿಯದಂತೆ ತಡೆಯುವುದು. ಆ ಸೀಸೆಗೆ ಚಿಟಿಕೆ ಜಿಪ್ಸಂ ಪುಡಿ ಹಾಕಿ ಕುಲುಕಿಟ್ಟು, ನೀರು ತಿಳಿಯಾದರೆ ಶಂಕೆಯು ಬಲವಾಗುವುದು.

ಇದು ದಾರಿ ತೋರುವ ಪರೀಕ್ಷೆ ಮಾತ್ರ. ಖರ್ಚಿಗೆ ಕೈಹಾಕುವ ಮೊದಲು ಮಣ್ಣನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದು ಅವಶ್ಯಕ.

4. ಪರಿಹಾರ

ಮೇಲಿನ ಬಿಳಿಯ ಪದರವನ್ನು ಕೆರೆದು ಹಾಕುವುದರಿಂದ ಆಗುವ ಪ್ರಯೋಜನ ಸ್ವಲ್ಪ; ಕೆಳಗಿನ ಉಪ್ಪು ಮತ್ತೆ ಏರುವುದು. ನೀರನ್ನು ಗದ್ದೆಯ ಮೇಲೆಯೇ ಹರಿಸಿಬಿಟ್ಟರೂ ಮೇಲುಪದರದ ಉಪ್ಪು ಮಾತ್ರ ತೊಳೆಯುವುದು. ನೀರು ಮಣ್ಣಿನೊಳಗೆ ಇಳಿದು, ಉಪ್ಪನ್ನು ಕರಗಿಸಿಕೊಂಡು, ಹೊರಕ್ಕೆ ಹೋಗಬೇಕು. ಆದುದರಿಂದ ಮೊದಲ ಕೆಲಸ ಬಸಿಗಾಲುವೆ. ನೀರು ಕಟ್ಟುವುದು ಎರಡನೆಯದು. ಬಸಿಗಾಲುವೆಯಿಲ್ಲದೆ ನೀರು ಕಟ್ಟಿದರೆ ಒಳನೀರು ಇನ್ನಷ್ಟು ಏರಿ ಕೇಡು ಹೆಚ್ಚುವುದು.

ಚೌಳಿಗೆ: ನೆಲವನ್ನು ಮಟ್ಟಮಾಡಿ, ಬದು ಹಾಕಿ, ಒಳ್ಳೆಯ ನೀರನ್ನು ನಿಲ್ಲಿಸಿ ಇಂಗಿಸಬೇಕು. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ನೀರು ಇಳಿದುಹೋದರೆ, ಕರಗುವ ಉಪ್ಪಿನಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಿನಷ್ಟು ಕೆಳಕ್ಕೆ ಹೋಗುವುದು. ಒಂದೇ ಸಾರಿಗೆ ತುಂಬಿ ನಿಲ್ಲಿಸುವುದಕ್ಕಿಂತ, ಕಟ್ಟಿ, ಇಂಗಿಸಿ, ಮತ್ತೆ ಕಟ್ಟುವುದರಲ್ಲಿ ನೀರು ಉಳಿಯುವುದು.

ಕರಲಿಗೆ: ಬರಿಯ ನೀರು ಸಾಲದು. ಜಿಪ್ಸಮ್ಮಿನಲ್ಲಿರುವ ಕ್ಯಾಲ್ಸಿಯಂ ಜೇಡಿಯನ್ನು ಹಿಡಿದ ಸೋಡಿಯಮ್ಮನ್ನು ಬಿಡಿಸಿ ತಾನು ಆ ಸ್ಥಳದಲ್ಲಿ ನಿಲ್ಲುವುದು. ಬಿಡುಗಡೆಯಾದ ಸೋಡಿಯಂ ಕರಗುವ ಲವಣವಾಗಿ ನೀರಿನೊಡನೆ ಹೋಗುವುದು. ಆದರೆ ಜಿಪ್ಸಂ ಬಹು ನಿಧಾನವಾಗಿ ಕರಗುವ ವಸ್ತು. ಒಂದು ಲೀಟರು ನೀರು ಅಡಿಗೆಯ ಉಪ್ಪನ್ನು ಸುಮಾರು 360 ಗ್ರಾಂ ಕರಗಿಸಿಕೊಂಡರೆ, ಜಿಪ್ಸಮ್ಮನ್ನು ಸುಮಾರು ಎರಡೂವರೆ ಗ್ರಾಂ ಮಾತ್ರ ಕರಗಿಸುವುದು. ಆ ಲೆಕ್ಕದಲ್ಲಿ ಎಕರೆಗೆ ಹಾಕಿದ ಒಂದು ಟನ್ ಜಿಪ್ಸಂ ಕರಗಲು ಹೆಚ್ಚುಕಡಿಮೆ 4 ಅಂಗುಲ ನೀರು ಬೇಕು. ಜಿಪ್ಸಂ ಚೆಲ್ಲಿ ನೀರು ಕೊಡದೆ, "ಗುಣವಿಲ್ಲ" ಎಂದು ಕೈಬಿಡುವುದು ತಪ್ಪು. ಅದನ್ನು ನುಣ್ಣಗೆ ಪುಡಿಮಾಡಿ, ಪರೀಕ್ಷೆಯಲ್ಲಿ ತಿಳಿಸಿದ ಪ್ರಮಾಣದಲ್ಲಿ ಮೇಲುಮಣ್ಣಿಗೆ ಬೆರಸಿ, ತರುವಾಯ ನೀರು ಕಟ್ಟತಕ್ಕದ್ದು.

ನೆಲ ಸುಧಾರಿಸುವ ಕಾಲದಲ್ಲಿ ಹಸುರು ಗೊಬ್ಬರಕ್ಕೆ ಡಯಾಂಚ ಬೆಳೆದು ಮಗುಚುವುದು ಉತ್ತಮ. ಹೆಸರು, ಅವರೆ ಮುಂತಾದ ಕಾಳುಗಳು ಉಪ್ಪನ್ನು ತಾಳಲಾರವು.

5. ಗ್ರಾಮದ ಮುಖಂಡರಿಗೆ ಒಂದು ಮಾತು

ಉಪ್ಪು ನಾಶವಾಗುವ ವಸ್ತುವಲ್ಲ. ನೀರು ಒಯ್ದ ಕಡೆಗೆ ಹೋಗಿ, ನೀರು ಆರಿದ ಕಡೆ ನಿಲ್ಲುವುದು. ಮೇಲಿನ ಗದ್ದೆಯವನು ತೊಳೆದ ಉಪ್ಪು ಕೆಳಗಿನವನ ಗದ್ದೆಯಲ್ಲಿ ತಂಗಿದರೆ ಊರಿಗೆ ಲಾಭವೇನೂ ಇಲ್ಲ. ಒಬ್ಬನ ಬಸಿಗಾಲುವೆ ಇನ್ನೊಬ್ಬನ ಬದುವಿನಲ್ಲಿ ಮುಗಿಯುವುದರಿಂದಲೇ ಅನೇಕ ಜಗಳಗಳು ಹುಟ್ಟುವುವು. ಆದಕಾರಣ ಊರಿನವರೆಲ್ಲರೂ ಕಲೆತು, ಮೇಲಿನ ಗದ್ದೆಯಿಂದ ಹಳ್ಳದವರೆಗೆ ಒಂದೇ ಬಸಿಗಾಲುವೆಯನ್ನು ಗೊತ್ತುಮಾಡಿ, ಅದು ಕುಡಿಯುವ ನೀರಿನ ಕೆರೆ ಬಾವಿಗಳಿಗೆ ಸೇರದಂತೆ ನೋಡಿ, ವರ್ಷಕ್ಕೊಮ್ಮೆ ಹೂಳು ತೆಗೆಯಿಸಬೇಕು. ನೀರು ಬರುವ ಕಾಲುವೆಗಾಗಿ ತೋರುವ ಆಸ್ಥೆಯನ್ನು ನೀರು ಹೋಗುವ ಕಾಲುವೆಗೂ ತೋರಿದ ಊರಿನ ನೆಲವು ಮಕ್ಕಳ ಕಾಲಕ್ಕೂ ಉಳಿಯುವುದು.