ಸಾಗರದ ಪಂಚಾಂಗ, ಚೆನ್ನೈನ ತಾರಸಿ

ಪ್ರಶ್ನೆ: ನನಗೆ 62 ವರ್ಷ. ಊರು ಸಾಗರದ ಹತ್ತಿರ. ಯಜಮಾನರು ಹೋದ ಮೇಲೆ ಚೆನ್ನೈನ ನಂಗನಲ್ಲೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಹನ್ನೆರಡು ಮನೆಗಳ ಅಪಾರ್ಟ್‌ಮೆಂಟು. ಹೊತ್ತು ಹೋಗದೆ, ಇನ್ನು ಮೂರು ಮನೆಯವರನ್ನು ಸೇರಿಸಿಕೊಂಡು ತಾರಸಿಯ ಮೇಲೆ ಅರವತ್ತು ಚೀಲ ಇಟ್ಟು ತರಕಾರಿ ಬೆಳೆಸಿದೆವು. ಏಪ್ರಿಲ್-ಮೇ ತಿಂಗಳಲ್ಲಿ ಅರ್ಧ ಗಿಡ ಸುಟ್ಟುಹೋಯಿತು. ಜೂನ್‌ನಲ್ಲಿ ಊರಿನಿಂದ ತಂದ ಡೇರೆ ಗೆಡ್ಡೆ ಹಾಕಿದೆ, ಒಂದೂ ಹೂ ಬಿಡಲಿಲ್ಲ. ಡಿಸೆಂಬರ್ ಮಳೆಗೆ ಮೇಲಿನ ಮನೆಯ ಮಾಮಿಯ ಮಲಗುವ ಕೋಣೆಯ ಸೂರು ಒದ್ದೆಯಾಯಿತು. ನಿಮ್ಮ ತೋಟದಿಂದಲೇ ಎನ್ನುತ್ತಾರೆ. ಜೊತೆಗಿದ್ದವರು ನೀರು ಹಾಕಲು ಬರುವುದಿಲ್ಲ, ಬೆಂಡೆಕಾಯಿ ಕೊಯ್ಯಲು ಮಾತ್ರ ಬರುತ್ತಾರೆ. ಮಗ 'ಎಲ್ಲಾ ತೆಗೆಸಿಬಿಡಮ್ಮ' ಅಂತಾನೆ. ಊರಲ್ಲಿ ಕಡ್ಡಿ ಚುಚ್ಚಿದರೆ ಚಿಗುರುತ್ತಿತ್ತು. ನನ್ನ ಕೈಗುಣವೇ ಹೋಯಿತೆ?

ಉತ್ತರ: ಕೈಗುಣ ಎಲ್ಲಿಗೂ ಹೋಗಿಲ್ಲ. ನೀವು ಚೆನ್ನೈನಲ್ಲಿ ಕೂತು ಸಾಗರದ ಪಂಚಾಂಗ ನೋಡುತ್ತಿದ್ದೀರಿ, ಅಷ್ಟೆ. ಆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಮಾಮಿಯ ಸೂರು. ಯಾರದೇ ಮನೆ ಸೋರುತ್ತಿರುವಾಗ ತೋಟದ ಪರ ವಾದ ಮಾಡಿ ಗೆದ್ದವರಿಲ್ಲ. ಗೆಲ್ಲಲೂಬಾರದು.

ಚೆನ್ನೈನ ಹಳೆಯ ತಾರಸಿಗಳು ಡಿಸೆಂಬರಿನಲ್ಲಿ ಗಿಡವಿಲ್ಲದೆಯೂ ಸೋರುತ್ತವೆ. ಆದರೂ ನಿಮ್ಮ ಚೀಲಗಳ ಪಾಲು ಏನೂ ಇಲ್ಲವೆಂದು ಈಗಲೇ ಹೇಳಲಾಗದು. ಮಳೆನೀರಿನ ಕೊಳವೆಯ ಬಾಯಿ ನೋಡಿ. ಚೀಲದಿಂದ ಹರಿದ ಮಣ್ಣು, ತೆಂಗಿನ ನಾರಿನ ಪುಡಿ, ಒಣಗಿದ ಎಲೆ ಸೇರಿ ಅದು ಕಟ್ಟಿಕೊಂಡರೆ ತಾರಸಿಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಹೆಂಚಿನ ಸಂದು ಹುಡುಕಿಕೊಂಡು ಇಳಿಯುತ್ತದೆ. ಮಳೆಗಾಲ ಪೂರ್ತಿ ಮುಗಿದ ಮೇಲೆ, ಫೆಬ್ರುವರಿಯಲ್ಲಿ, ಮಾಮಿಯ ಕೋಣೆಯ ಮೇಲಿರುವ ಚೀಲಗಳನ್ನೆಲ್ಲ ಸರಿಸಿ, ಆ ಭಾಗಕ್ಕೆ ಸಿಮೆಂಟಿನ ಚಿಕ್ಕ ಕಟ್ಟೆ ಕಟ್ಟಿಸಿ, ಒಂದೆರಡು ಅಂಗುಲ ನೀರು ಎರಡು ದಿನ ನಿಲ್ಲಿಸಿ ನೋಡಿ. ಮಾಮಿಯೂ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯೂ ಎದುರಿಗೇ ಇರಲಿ. ಚೀಲವಿಲ್ಲದೆಯೂ ಸೂರು ಒದ್ದೆಯಾದರೆ ಅದು ಕಟ್ಟಡದ ರಿಪೇರಿ, ಹನ್ನೆರಡು ಮನೆಯ ಖರ್ಚು. ಒದ್ದೆಯಾಗದಿದ್ದರೆ ನೀರು ಬೇರೆಲ್ಲಿಂದಲೋ ಇಳಿಯುತ್ತಿದೆ, ಕೊಳವೆಯ ಸುತ್ತಲೂ ಹುಡುಕಬೇಕು. ಏನೇ ಆದರೂ ಕೊಳವೆಯ ಬಾಯಿಯನ್ನು ಶುಚಿಯಾಗಿಡುವ ಹೊಣೆ ನಿಮ್ಮ ನಾಲ್ಕು ಮನೆಯದು.

ಭಾರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಜನ ಓಡಾಡುವ ತಾರಸಿ ಚದರ ಮೀಟರಿಗೆ 150 ಕಿಲೋ ಹೊರಬೇಕು ಎಂಬ ಲೆಕ್ಕದಲ್ಲಿ ನಮ್ಮಲ್ಲಿ ಕಟ್ಟಡಗಳ ವಿನ್ಯಾಸವಾಗುತ್ತದೆ. ನಲವತ್ತು ಲೀಟರಿನ ಚೀಲ ಮಳೆಯಲ್ಲಿ ತೊಯ್ದರೆ ಹತ್ತಿರ ಹತ್ತಿರ 50 ಕಿಲೋ. ಒಂದು ಚದರ ಮೀಟರಿನಲ್ಲಿ ಮೂರು ಚೀಲ ಇಟ್ಟರೆ ಲೆಕ್ಕ ತುಂಬಿತು. ಆದ್ದರಿಂದ ತಾರಸಿಯ ನಡುಭಾಗ ಖಾಲಿ ಬಿಟ್ಟು, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನುದ್ದಕ್ಕೆ ಸಾಲಾಗಿ ಜೋಡಿಸಿ. ಪ್ರತಿ ಚೀಲದ ಕೆಳಗೂ ಇಟ್ಟಿಗೆ ಕೊಟ್ಟರೆ ನೀರು ಹರಿಯುತ್ತದೆ, ನೆಲ ಒಣಗುತ್ತದೆ. ಗಟ್ಟಿ ಮಣ್ಣು ಕಡಿಮೆ ಮಾಡಿ: ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸಮ ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ. ನೆನೆಸಿ, ಎರಡು ಮೂರು ಸಲ ತೊಳೆದೇ ಬಳಸಿ. ಪ್ಯಾರಪೆಟ್ ಗೋಡೆಯ ಮೇಲೆ ಮಾತ್ರ ಒಂದು ಕುಂಡವನ್ನೂ ಇಡಬೇಡಿ. 2016ರ ಡಿಸೆಂಬರಿನ ವರ್ದಾ ಚಂಡಮಾರುತ ಈ ನಗರದಲ್ಲಿ ಮರಗಳನ್ನೇ ಬುಡಸಹಿತ ಉರುಳಿಸಿತು. ನವೆಂಬರ್ ಬಂತೆಂದರೆ ಬಳ್ಳಿಯ ಚಪ್ಪರ, ಬಲೆ ಎಲ್ಲ ಬಿಚ್ಚಿಡುವುದು ವಾಸಿ.

ಈಗ ಪಂಚಾಂಗ. ನಿಮ್ಮೂರಿಗೆ ಜೂನ್‌ನಲ್ಲಿ ಮುಂಗಾರು ಹಿಡಿಯುತ್ತದೆ. ಅದೇ ಜೂನ್‌ನಲ್ಲಿ ಚೆನ್ನೈ ಇನ್ನೂ ಕಾದ ಕಾವಲಿ. ಇಲ್ಲಿನ ವರ್ಷದ ಮಳೆ ಸುಮಾರು 1,400 ಮಿಲಿಮೀಟರ್; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರಿನಲ್ಲೇ ಸುರಿಯುತ್ತದೆ. ಡೇರೆಗೆ ಬೇಕಾದ ತಂಪು ಇಲ್ಲಿ ಜೂನ್‌ನಲ್ಲಿ ಸಿಗದು. ಅದನ್ನು ಊರಿಗೇ ಬಿಡಿ. ತಂಗಿಯೋ ನಾದಿನಿಯೋ ಅಂಗಳದಲ್ಲಿ ಬೆಳೆಸಿ ಫೋಟೊ ಕಳಿಸಲಿ.

ತಮಿಳು ರೈತರಿಗೆ ಮುಖ್ಯ ಬಿತ್ತನೆಯ ಕಾಲ 'ಆಡಿ ಪಟ್ಟಂ', ಅಂದರೆ ಜುಲೈ ಮಧ್ಯದಿಂದ ಮುಂದಕ್ಕೆ. ಆಷಾಢದಲ್ಲಿ ಶುಭಕಾರ್ಯ ಹಿಡಿಯಬಾರದೆಂದು ಕೈಕಟ್ಟಿ ಕೂರುವವರು ನಾವು. ಹೆಚ್ಚುಕಡಿಮೆ ಅದೇ ತಿಂಗಳಲ್ಲಿ ಇವರು ಬೀಜ ಹಾಕುತ್ತಾರೆ. ಬೆಂಡೆ, ಬದನೆ, ಹಾಗಲ, ಸೋರೆ, ಅವರೆ ಎಲ್ಲ ಆಗ ಶುರು ಮಾಡಿ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಒಳ್ಳೆಯದು, ಎಲೆ ಹಳದಿಯಾಗುವ ನಂಜುರೋಗ ತಡೆಯಲೆಂದೇ ಅಭಿವೃದ್ಧಿಪಡಿಸಿದ್ದು. ಟೊಮೆಟೊ ಸಸಿಯನ್ನು ಅಕ್ಟೋಬರ್-ನವೆಂಬರಿನಲ್ಲಿ ನೆಡಿ. ರಾತ್ರಿಯ ಸೆಕೆ ಹೆಚ್ಚಾದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ; ನೀವು ಎಷ್ಟು ಗೊಬ್ಬರ ಸುರಿದರೂ ಏಪ್ರಿಲ್‌ನಲ್ಲಿ ಅದು ನಿಮ್ಮ ಮಾತು ಕೇಳದು. ಕೊತ್ತಂಬರಿ, ಪಾಲಕ್, ಮೂಲಂಗಿಗೆ ಡಿಸೆಂಬರ್-ಜನವರಿ.

ಮೇ ತಿಂಗಳಲ್ಲಿ, ಇಲ್ಲಿನವರು ಅಗ್ನಿ ನಕ್ಷತ್ರ ಎನ್ನುವ ಕಡುಬೇಸಿಗೆಯ ದಿನಗಳಲ್ಲಿ, ತೋಟಕ್ಕೆ ರಜೆ ಕೊಡಿ. ಮುಗಿದ ಗಿಡ ಕಿತ್ತು, ಮಣ್ಣಿಗೆ ಕಾಂಪೋಸ್ಟ್ ಬೆರೆಸಿ, ಚೀಲದ ಬಾಯಿಗೆ ಒಣಗಿದ ತೆಂಗಿನ ಗರಿ ಮುಚ್ಚಿಡಿ. ಹಸಿರು ಬಲೆಯ ಕೆಳಗೆ ಕೆಲವನ್ನು ಮಾತ್ರ ಉಳಿಸಿಕೊಳ್ಳಿ: ಬಸಳೆ, ಹರಿವೆ, ಕರಿಬೇವು, ದೊಡ್ಡಪತ್ರೆ. ತೊಟ್ಟಿಯ ನೆರಳಲ್ಲಿ ಒಂದೆಲಗ. ನಿಮ್ಮ ತಂಬುಳಿಗೆ ಇಷ್ಟಿದ್ದರೆ ವರ್ಷವಿಡೀ ಬರವಿಲ್ಲ. ಮಲೆನಾಡಿನ ಅಡುಗೆಮನೆಯ ಸೊಪ್ಪುಗಳಲ್ಲಿ ಈ ಸೆಕೆ ತಾಳುವವು ಇಷ್ಟೊಂದಿವೆ ಎಂಬುದೇ ನನಗೆ ಸೋಜಿಗ.

ನೀರು ಹೇಗಿದೆಯೆಂದು ನೀವು ಬರೆದಿಲ್ಲ. ಮಣ್ಣಿನ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ, ಎಲೆಯ ಅಂಚು ಸುಟ್ಟಂತಿದ್ದರೆ, ಕೊಳವೆಬಾವಿಯ ಉಪ್ಪು ಕಾರಣವಿರಬಹುದು. ನೀರು ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಹೆಚ್ಚು, ಬೇಡ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲ. ಚೆನ್ನೈನ ಸೆಕೆಗೆ ಅದಕ್ಕೆ ಕೊರತೆಯೂ ಇಲ್ಲ, ಹಿಡಿದಿಡಿ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆ ತಪ್ಪದೆ ಬರಿದು ಮಾಡಿ. ಡೆಂಗೆ ಸೊಳ್ಳೆಗೆ ಅಷ್ಟು ನೀರೇ ಸಾಕು, ಮತ್ತು ಆ ದೂರು ಬಂದರೆ ಮಾಮಿಯೊಬ್ಬರದೇ ಬರುವುದಿಲ್ಲ.

ಇನ್ನು ಕೊಯ್ಯಲು ಮಾತ್ರ ಬರುವವರು. ನಾಲ್ಕು ಮನೆ ಸೇರಿ ಅರವತ್ತು ಚೀಲ ಎಂದು ಶುರು ಮಾಡಿದಾಗಲೇ ಇದು ಹೀಗಾಗುವುದಿತ್ತು. ಎಲ್ಲರ ಗಿಡಕ್ಕೆ ನೀರು ಹಾಕುವುದು ಕೊನೆಗೆ ಹೊತ್ತು ಹೋಗದ ಒಬ್ಬರ ಪಾಲಿಗೇ ಬೀಳುತ್ತದೆ, ಇಲ್ಲಿ ನಿಮ್ಮ ಪಾಲಿಗೆ ಬಿತ್ತು. ಚೀಲ ಹಂಚಿಬಿಡಿ. ಆಯಾ ಮನೆಯ ನಂಬರನ್ನು ಬಣ್ಣದಲ್ಲಿ ಬರೆಯಿರಿ. ನೀರಿನ ಪೈಪು, ಬಲೆ, ಕಾಂಪೋಸ್ಟ್ ಡ್ರಮ್ಮು, ಕೊಳವೆ ಶುಚಿ ಮಾಡುವ ಸರದಿ ಮಾತ್ರ ಒಟ್ಟಿಗಿರಲಿ. ಯಾರ ಚೀಲ ಒಣಗಿದರೂ ನೀವು ಕರಗಿ ನೀರು ಹಾಕಬೇಡಿ, ಕಷ್ಟವಾಗುತ್ತದೆ, ಗೊತ್ತು. ಇದರ ಜೊತೆಗೆ ಕರಿಬೇವು, ತುಳಸಿ, ದೊಡ್ಡಪತ್ರೆಯ ಒಂದೈದು ಚೀಲ ಮೆಟ್ಟಿಲ ಬಾಯಲ್ಲೇ ಇಡಿ, ಹನ್ನೆರಡು ಮನೆಯವರಲ್ಲಿ ಯಾರು ಬೇಕಾದರೂ ಕೇಳದೆ ಚಿವುಟಿಕೊಳ್ಳಲಿ. ತಾರಸಿ ಎಲ್ಲರಿಗೂ ಸೇರಿದ್ದು. ತೋಟ ಮಾಡದ ಎಂಟು ಮನೆಗೂ ಅದರಿಂದ ಏನಾದರೂ ಸಿಗಬೇಕು. ಸಂಘದ ಮುಂದಿನ ಸಭೆಯಲ್ಲಿ ಈ ಏರ್ಪಾಟನ್ನು ನಡಾವಳಿ ಪುಸ್ತಕಕ್ಕೆ ಬರೆಸಿ. ಮಾಮಿಗೆ ಚೀಟಿ ಕಳಿಸದೆ ನೀವೇ ಹೋಗಿ ಹೇಳಿ. ಅವರ ಸೂರು ಸರಿಯಾಗುವವರೆಗೆ ಆ ಕೋಣೆಯ ಮೇಲೆ ಒಂದು ಚೀಲವೂ ಇರುವುದಿಲ್ಲ ಎಂದು.

ಮಗನ ಮಾತನ್ನು ಅರ್ಧ ಕೇಳಿ. ಎಲ್ಲ ತೆಗೆಸಬೇಡಿ, ನಿಮ್ಮ ಪಾಲಿನ ಹದಿನೈದರಲ್ಲಿ ಹತ್ತನ್ನು ಉಳಿಸಿಕೊಳ್ಳಿ. ತಾರಸಿಗೆ ನಲ್ಲಿ ಇಲ್ಲದಿದ್ದರೆ ಅವನಿಂದ ಮೊದಲು ಅದನ್ನು ಹಾಕಿಸಿಕೊಳ್ಳಿ. ಈ ವಯಸ್ಸಿನಲ್ಲಿ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಬೇಡಿ.